ಸೈನಿಕರ ಪದಕ, ರಿಬ್ಬನ್, ದರ್ಜೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗಣರಾಜ್ಯೋತ್ಸವಕ್ಕೆ ಊರಿನ ನಿವೃತ್ತ ಯೋಧರನ್ನು ವೇದಿಕೆಗೆ ಕರೆಯುವ ಶಾಲೆಯವರು, ಅಜ್ಜನ ಟ್ರಂಕಿನಲ್ಲಿ ಪದಕ ಸಿಕ್ಕ ಮನೆಯವರು, ಸೇನೆ ಸೇರಿದ ಮಗನ ತೋಳಿನ ಪಟ್ಟಿ ನೋಡಿ ಅರ್ಥ ಹುಡುಕುವ ತಂದೆತಾಯಿ ಕೇಳುವ ಪ್ರಶ್ನೆಗಳಿವು. ಉತ್ತರಗಳು ಹೆಚ್ಚಾಗಿ ಭಾರತೀಯ ಭೂಸೇನೆಗೆ ಸಂಬಂಧಿಸಿವೆ. ಅಧಿಕಾರಿಗಳ ದರ್ಜೆಗಳ ವಿವರ ಇಲ್ಲಿಲ್ಲ. ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗಿನ ಮೆಟ್ಟಿಲುಗಳೇ ಇಲ್ಲಿನ ವಿಷಯ.

ಎದೆಯ ಮೇಲೆ ಮೂರು ಸಾಲು ಬಣ್ಣದ ಪಟ್ಟಿಗಳಿದ್ದರೆ ಅವೆಲ್ಲ ಶೌರ್ಯ ಪದಕಗಳೇ?

ಅಲ್ಲ. ಸಾಮಾನ್ಯವಾಗಿ ಅವುಗಳಲ್ಲಿ ಹೆಚ್ಚಿನವು ಸೇವಾ ಪದಕಗಳು. ಎಲ್ಲಿ ನಿಯೋಜನೆಯಾಗಿತ್ತು, ಯಾವ ಕಾರ್ಯಾಚರಣೆಯಲ್ಲಿ ಇದ್ದರು, ಎಷ್ಟು ವರ್ಷ ದುಡಿದರು ಎಂಬುದನ್ನು ಅವು ಹೇಳುತ್ತವೆ. ಶೌರ್ಯ ಪದಕ ಒಂದೂ ಇಲ್ಲದ ಹವಾಲ್ದಾರರ ಎದೆಯಲ್ಲೂ ಎರಡು ಸಾಲು ರಿಬ್ಬನ್ ಇರುವುದು ತೀರಾ ಸಹಜ.

ಹಾಗೆಂದು ಆ ಸಾಲುಗಳನ್ನು ಹಗುರವಾಗಿ ಕಾಣಬೇಡಿ. ಹೈ ಆಲ್ಟಿಟ್ಯೂಡ್ ಸರ್ವಿಸ್ ಮೆಡಲ್ ಸಿಗಬೇಕಾದರೆ 9,000 ಅಡಿಗಿಂತ ಎತ್ತರದಲ್ಲಿ ಒಟ್ಟು 180 ದಿನ ಸೇವೆ ಸಲ್ಲಿಸಿರಬೇಕು. ಸಿಯಾಚಿನ್ ಗ್ಲೇಸಿಯರ್ ಮೆಡಲ್ ಇದ್ದವರು ಆ ಹಿಮದ ಮೇಲೆ ಕಾವಲು ನಿಂತವರು. ಶೌರ್ಯ ಪದಕ ಒಂದು ಗಂಟೆಯ, ಕೆಲವೊಮ್ಮೆ ಕೆಲವೇ ನಿಮಿಷಗಳ ಕೆಲಸಕ್ಕೆ ಸಿಗಬಹುದು. ಸೇವಾ ಪದಕಗಳ ಹಿಂದೆ ಮನೆಯಿಂದ ದೂರ ಕಳೆದ ವರ್ಷಗಳಿರುತ್ತವೆ.

ರಿಬ್ಬನ್ ಸಾಲನ್ನು ಓದುವುದು ಹೇಗೆ?

ಪದಕ, ರಿಬ್ಬನ್ ಎರಡೂ ಇರುವುದು ಎಡ ಎದೆಯ ಮೇಲೆ. ಮೇಲಿನ ಸಾಲಿನಲ್ಲಿ, ಅಂಗಿಯ ಗುಂಡಿಗಳಿಗೆ ಹತ್ತಿರವಿರುವ ತುದಿಯಿಂದ ಶುರು ಮಾಡಿ. ಎದುರು ನಿಂತು ನೋಡುವವರಿಗೆ ಅದು ಎಡತುದಿ. ಅಲ್ಲಿರುವುದೇ ಆ ಯೋಧರ ಅತಿ ಹಿರಿಯ ಪುರಸ್ಕಾರ. ಅಲ್ಲಿಂದ ತೋಳಿನ ಕಡೆಗೆ ಓದುತ್ತ ಹೋಗಿ, ಸಾಲು ಮುಗಿದ ಮೇಲೆ ಕೆಳಗಿನ ಸಾಲನ್ನು ಅದೇ ರೀತಿ ಓದಿ. ಶೌರ್ಯ ಮತ್ತು ವಿಶಿಷ್ಟ ಸೇವೆಯವು ಮೊದಲು, ಯುದ್ಧ ಮತ್ತು ಕಾರ್ಯಾಚರಣೆಯವು ಬಳಿಕ, ದೀರ್ಘ ಸೇವೆಯವು ಅವುಗಳ ನಂತರ. ವಿಶ್ವಸಂಸ್ಥೆಯ ಶಾಂತಿಪಾಲನಾ ಪದಕದಂಥ ಹೊರಗಿನವು ಕೊನೆಗೆ.

ಮೊಬೈಲ್ ಫೋಟೊ ನೋಡಿ ಓದುವಾಗ ಒಂದು ಎಚ್ಚರ ಬೇಕು. ಸೆಲ್ಫಿ ಕನ್ನಡಿಯ ಬಿಂಬದಂತೆ ತಿರುಗಿದ್ದರೆ ಎಡ ಬಲ ಅದಲುಬದಲಾಗಿ, ಕೊನೆಯ ಪದಕ ಮೊದಲನೆಯದಾಗಿ ಕಾಣುತ್ತದೆ. ಹೆಸರಿನ ಫಲಕದ ಅಕ್ಷರ ಉಲ್ಟಾ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಕೆಲವೊಮ್ಮೆ ಪದಕ ತೂಗುತ್ತಿರುತ್ತದೆ, ಕೆಲವೊಮ್ಮೆ ಬರೀ ಪಟ್ಟಿ ಇರುತ್ತದೆ. ಯಾಕೆ?

ಪೆರೇಡ್ ಮತ್ತು ಸಮಾರಂಭಗಳಿಗೆ ಪೂರ್ಣ ಗಾತ್ರದ ಪದಕಗಳು. ದಿನನಿತ್ಯದ ಸಮವಸ್ತ್ರಕ್ಕೆ ರಿಬ್ಬನ್ ಪಟ್ಟಿ ಮಾತ್ರ. ರಾತ್ರಿಯ ಮೆಸ್ ಉಡುಪಿಗೆ ಪುಟ್ಟ ಗಾತ್ರದ ಮಿನಿಯೇಚರ್. ಕಾಡಿನ ಬಣ್ಣದ ಕಾಂಬ್ಯಾಟ್ ಉಡುಪಿನಲ್ಲಿ ಇದಾವುದೂ ಇರುವುದಿಲ್ಲ. ಹಾಗಾಗಿ ಕಾಂಬ್ಯಾಟ್ ಉಡುಪಿನ ಫೋಟೊ ನೋಡಿ ಇವರಿಗೆ ಪದಕವೇ ಬಂದಿಲ್ಲ ಅಂದುಕೊಳ್ಳಬಾರದು.

ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳನ್ನು ಗುರುತಿಸುವುದು ಹೇಗೆ?

ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಕೊಡುವ ಈ ಮೂರನ್ನು 1950ರ ಜನವರಿ 26ರಂದು ಸ್ಥಾಪಿಸಿ, 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಮಾಡಲಾಯಿತು. 1947–48ರ ಕಾಶ್ಮೀರ ಯುದ್ಧದಲ್ಲಿ ಹೋರಾಡಿದವರಿಗೂ ಇವು ಸಿಕ್ಕಿರುವುದು ಅದರಿಂದಲೇ.

ಪರಮವೀರ ಚಕ್ರ ಕಂಚಿನದು, ದುಂಡಗಿನದು, ಸುಮಾರು 35 ಮಿಲಿಮೀಟರ್ ವ್ಯಾಸದ್ದು. ನಡುವೆ ರಾಷ್ಟ್ರಲಾಂಛನ, ಸುತ್ತ ಇಂದ್ರನ ವಜ್ರಾಯುಧದ ನಾಲ್ಕು ಪ್ರತಿಕೃತಿ. ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ರಿಬ್ಬನ್ ಒಂದೇ ಬಣ್ಣದ್ದು, ನೇರಳೆ, ಅದರಲ್ಲಿ ಗೆರೆಗಳಿಲ್ಲ. ಬರೀ ರಿಬ್ಬನ್ ಧರಿಸುವಾಗ ಅದರ ಮೇಲೆ ಚಿಕ್ಕ ವಜ್ರಾಯುಧ ಇರುತ್ತದೆ.

ಮಹಾವೀರ ಚಕ್ರ ಬೆಳ್ಳಿಯದು. ರಿಬ್ಬನ್ ಅರ್ಧ ಬಿಳಿ, ಅರ್ಧ ಕೇಸರಿ. ವೀರ ಚಕ್ರವೂ ಬೆಳ್ಳಿಯದೇ. ರಿಬ್ಬನ್ ಅರ್ಧ ಕಡುನೀಲಿ, ಅರ್ಧ ಕೇಸರಿ. ಎರಡರಲ್ಲೂ ಕೇಸರಿ ಭಾಗ ಎಡ ಭುಜದ ಕಡೆಗಿರಬೇಕು. ಚೌಕಟ್ಟು ಹಾಕಿಸುವಾಗ ಅಂಗಡಿಯವರು ರಿಬ್ಬನ್ ತಿರುಗಿಸಿ ಹೊಲಿದುಬಿಡುವುದು ಸಾಮಾನ್ಯ. ಕೇಸರಿ ನೋಡುವವರ ಬಲಕ್ಕೆ ಬಂದಿದೆಯೇ ಎಂದು ನೋಡಿ. ಬಂದಿರದಿದ್ದರೆ ಬಿಚ್ಚಿಸಿ ಸರಿಮಾಡಿಸಿ.

ಪರಮವೀರ ಚಕ್ರ ಪಡೆದವರಲ್ಲಿ ಅಧಿಕಾರಿಗಳೇ ಹೆಚ್ಚೇ? ಕರ್ನಾಟಕದವರು ಯಾರಾದರೂ ಇದ್ದಾರೆಯೇ?

ಈವರೆಗಿನ 21 ಮಂದಿಯಲ್ಲಿ 12 ಮಂದಿ ಅಧಿಕಾರಿಗಳು, 9 ಮಂದಿ ಸಿಪಾಯಿಯಿಂದ ಸುಬೇದಾರ್‌ವರೆಗಿನ ದರ್ಜೆಯವರು. 14 ಮಂದಿಗೆ ಅದು ಮರಣೋತ್ತರವಾಗಿ ಬಂದಿದೆ. ಪದಕಕ್ಕೆ ದರ್ಜೆಯ ತಾರತಮ್ಯವಿಲ್ಲ. ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ (1971), ಕಂಪನಿ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್ ಅಬ್ದುಲ್ ಹಮೀದ್ (1965), ಸುಬೇದಾರ್ ಜೋಗಿಂದರ್ ಸಿಂಗ್ (1962) ಇವರ ಎದೆಗೂ ಮೇಜರ್ ಸೋಮನಾಥ ಶರ್ಮಾರ ಎದೆಗೂ ಸಂದದ್ದು ಒಂದೇ ಕಂಚು. ಕಾರ್ಗಿಲ್ ಯುದ್ಧದಲ್ಲಿ ಇದನ್ನು ಪಡೆದ ಯೋಗೇಂದ್ರ ಸಿಂಗ್ ಯಾದವ್ ಆಗ ಗ್ರೆನೇಡಿಯರ್, ಸಂಜಯ್ ಕುಮಾರ್ ಆಗ ರೈಫಲ್‌ಮನ್. ಅಂದರೆ ಇಬ್ಬರೂ ಮೊದಲ ಮೆಟ್ಟಿಲಲ್ಲಿದ್ದವರು.

ಕರ್ನಾಟಕದವರು ರಾಮ ರಾಘೋಬಾ ರಾಣೆ. ಕಾರವಾರ ಬಳಿಯ ಚೆಂಡಿಯಾದಲ್ಲಿ ಹುಟ್ಟಿದವರು. 1940ರಲ್ಲಿ ಬಾಂಬೆ ಎಂಜಿನಿಯರ್ಸ್‌ಗೆ ಸಾಮಾನ್ಯ ಸೈನಿಕರಾಗಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, 1947ರ ಡಿಸೆಂಬರ್‌ನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. 1948ರ ಏಪ್ರಿಲ್‌ನಲ್ಲಿ ನೌಶೇರಾ–ರಾಜೌರಿ ರಸ್ತೆಯಲ್ಲಿ ಗುಂಡಿನ ಸುರಿಮಳೆಯ ನಡುವೆ ನೆಲಬಾಂಬ್ ಮತ್ತು ಅಡೆತಡೆಗಳನ್ನು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಪದಕವನ್ನು ಬದುಕಿದ್ದಾಗಲೇ ಪಡೆದ ಕೆಲವೇ ಮಂದಿಯಲ್ಲಿ ಅವರೊಬ್ಬರು.

ಅಶೋಕ ಚಕ್ರ ದೊಡ್ಡದೋ ಪರಮವೀರ ಚಕ್ರ ದೊಡ್ಡದೋ?

ಸಂದರ್ಭ ಬೇರೆ. ಯುದ್ಧಭೂಮಿಯ ಹೊರಗಿನ ಶೌರ್ಯಕ್ಕೆ, ಉದಾಹರಣೆಗೆ ಉಗ್ರರ ವಿರುದ್ಧದ ಕಾರ್ಯಾಚರಣೆಗೆ, ಕೊಡುವ ಅತ್ಯುನ್ನತ ಪುರಸ್ಕಾರ ಅಶೋಕ ಚಕ್ರ. ಧರಿಸುವ ಕ್ರಮದಲ್ಲಿ ಭಾರತರತ್ನದ ನಂತರ ಪರಮವೀರ ಚಕ್ರ, ಅದರ ಬೆನ್ನಿಗೇ ಅಶೋಕ ಚಕ್ರ. 2008ರ ಮುಂಬೈ ದಾಳಿಯಲ್ಲಿ ಮಡಿದ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೆ 2009ರಲ್ಲಿ ಸಂದದ್ದು ಅಶೋಕ ಚಕ್ರ.

ಕೀರ್ತಿ ಚಕ್ರ ಮತ್ತು ಶೌರ್ಯ ಚಕ್ರ ಇದೇ ಸರಣಿಯವು. 1952ರಲ್ಲಿ ಸ್ಥಾಪನೆಯಾದಾಗ ಇವುಗಳ ಹೆಸರು ಅಶೋಕ ಚಕ್ರ ಒಂದನೇ, ಎರಡನೇ, ಮೂರನೇ ದರ್ಜೆ ಎಂದಿತ್ತು. ಈಗಿನ ಹೆಸರು ಬಂದದ್ದು 1967ರಲ್ಲಿ. ಹಳೆಯ ಕಾಗದದಲ್ಲಿ ‘ಅಶೋಕ ಚಕ್ರ ಮೂರನೇ ದರ್ಜೆ’ ಎಂದಿದ್ದರೆ ಅದು ಇಂದಿನ ಶೌರ್ಯ ಚಕ್ರ. ಮೂರೂ ಕಡುಹಸಿರು ರಿಬ್ಬನ್: ಅಶೋಕ ಚಕ್ರಕ್ಕೆ ಒಂದು ಕೇಸರಿ ಗೆರೆ, ಕೀರ್ತಿಗೆ ಎರಡು, ಶೌರ್ಯಕ್ಕೆ ಮೂರು.

ಗೆರೆ ಹೆಚ್ಚಿದ್ದಷ್ಟೂ ಪದಕ ದೊಡ್ಡದು ಅಲ್ಲವೇ?

ರಿಬ್ಬನ್‌ಗಳಲ್ಲಿ ಇದು ತಿರುಗುಮುರುಗು. ಮೇಲೆ ಹೇಳಿದ ಹಸಿರು ರಿಬ್ಬನ್‌ನಲ್ಲಿ ಒಂದೇ ಗೆರೆಯದು ಹಿರಿದು. ಬಂಗಾರದ ಬಣ್ಣದ ರಿಬ್ಬನ್ ಮೇಲೆ ಕಡುನೀಲಿ ಗೆರೆಗಳಿದ್ದರೆ ಅದು ವಿಶಿಷ್ಟ ಸೇವೆಯ ಸರಣಿ: ಒಂದು ಗೆರೆ ಪರಮ ವಿಶಿಷ್ಟ ಸೇವಾ ಪದಕ, ಎರಡು ಅತಿ ವಿಶಿಷ್ಟ, ಮೂರು ವಿಶಿಷ್ಟ ಸೇವಾ ಪದಕ. ಅದೇ ಬಂಗಾರದ ಮೇಲೆ ಕೆಂಪು ಗೆರೆಗಳಿದ್ದರೆ 1980ರಲ್ಲಿ ಬಂದ ಯುದ್ಧ ಸೇವಾ ಸರಣಿ. ಅಲ್ಲೂ ಒಂದು ಗೆರೆಯ ಸರ್ವೋತ್ತಮ ಯುದ್ಧ ಸೇವಾ ಪದಕವೇ ಮೇಲಿನದು.

ತೋಳಿನ ಪಟ್ಟಿಗಳಲ್ಲಿ ಮಾತ್ರ ಹೆಚ್ಚಿದ್ದಷ್ಟೂ ದರ್ಜೆ ಮೇಲೆ. ಎರಡನ್ನೂ ಒಂದೇ ಲೆಕ್ಕದಲ್ಲಿ ನೋಡುವುದರಿಂದ ಆಗುವ ತಪ್ಪುಗಳು ಬಹಳ.

ಇನ್ನೊಂದು ತಪ್ಪು ವರದಿಗಳಲ್ಲಿ ಮರುಕಳಿಸುತ್ತದೆ: ಪರಮ ವಿಶಿಷ್ಟ ಸೇವಾ ಪದಕ ಪಡೆದ ಹಿರಿಯ ಅಧಿಕಾರಿಯನ್ನು ‘ಪರಮವೀರ ಚಕ್ರ ವಿಜೇತ’ ಎಂದು ಪರಿಚಯಿಸುವುದು. ಮೊದಲನೆಯದು ಉನ್ನತ ಮಟ್ಟದ ಸೇವೆಗೆ, ಎರಡನೆಯದು ಯುದ್ಧದಲ್ಲಿನ ಪರಾಕ್ರಮಕ್ಕೆ. ವೇದಿಕೆಯ ಮೇಲೆ ಹಾಗೆ ಕರೆಸಿಕೊಂಡವರಿಗೇ ಅದರಿಂದ ಮುಜುಗರ.

ಸೇನಾ ಪದಕ ಶೌರ್ಯಕ್ಕೋ ಸೇವೆಗೋ?

ಎರಡಕ್ಕೂ ಕೊಡುತ್ತಾರೆ. ಪದಕ ಒಂದೇ, ರಿಬ್ಬನ್ ಒಂದೇ: ಕೆಂಪು, ನಡುವೆ ಸಣ್ಣ ಬಿಳಿ ಗೆರೆ. ನೋಡಿ ಬೇರೆ ಮಾಡಲಾಗದು. ಗೆಜೆಟ್ ಅಧಿಸೂಚನೆಯಲ್ಲಿ ಮಾತ್ರ ಶೌರ್ಯಕ್ಕೆ ಎಂದೋ ಕರ್ತವ್ಯನಿಷ್ಠೆಗೆ ಎಂದೋ ಬರೆದಿರುತ್ತದೆ. ಇದು ಬರೀ ಗೌರವದ ಮಾತಲ್ಲ, ಹಣದ್ದೂ ಹೌದು. ಮಾಸಿಕ ಭತ್ಯೆ ಶೌರ್ಯಕ್ಕೆ ಬಂದದ್ದಕ್ಕೆ ಮಾತ್ರ. 2016ರಲ್ಲಿ ಸಿಯಾಚಿನ್ ಹಿಮಪಾತದಡಿ ಸಿಲುಕಿ, ಹೊರತೆಗೆದ ಬಳಿಕ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗೆ ಮರಣೋತ್ತರವಾಗಿ ಸಂದದ್ದು ಸೇನಾ ಪದಕ.

ನೌಕಾಪಡೆಯಲ್ಲಿ ಇದಕ್ಕೆ ಸಮನಾದದ್ದು ನೌಸೇನಾ ಪದಕ (ಕಡುನೀಲಿ, ನಡುವೆ ಬಿಳಿ ಗೆರೆ). ವಾಯುಪಡೆಯದು ವಾಯುಸೇನಾ ಪದಕ. ಬೂದು, ಕಿತ್ತಳೆ ಬಣ್ಣದ ಓರೆ ಪಟ್ಟಿಗಳಿಂದ ದೂರದಿಂದಲೇ ತಿಳಿಯುತ್ತದೆ.

ರಿಬ್ಬನ್ ಮೇಲೆ ಪುಟ್ಟ ಎಲೆ ಇದೆ, ಇನ್ನೊಂದರ ಮೇಲೆ ಅಕ್ಷರಗಳಿರುವ ಲೋಹದ ಪಟ್ಟಿ ಇದೆ. ಏನಿವು?

ಎಲೆ ತಾವರೆಯದು. ‘ಮೆನ್ಷನ್ ಇನ್ ಡಿಸ್ಪ್ಯಾಚಸ್’, ಅಂದರೆ ಕಾರ್ಯಾಚರಣೆಯ ಅಧಿಕೃತ ವರದಿಯಲ್ಲಿ ಹೆಸರಿನ ಉಲ್ಲೇಖ, ಪಡೆದವರ ಗುರುತು. ಅದಕ್ಕೆ ಪ್ರತ್ಯೇಕ ಪದಕವಿಲ್ಲ, ಸಂಬಂಧಪಟ್ಟ ಕಾರ್ಯಾಚರಣೆಯ ಪದಕದ ರಿಬ್ಬನ್ ಮೇಲೇ ಎಲೆ ಕೂರುತ್ತದೆ. ತೀರಾ ಸಣ್ಣದಾದ್ದರಿಂದ ಬಹಳ ಮಂದಿ ಗಮನಿಸುವುದೇ ಇಲ್ಲ.

ಅಕ್ಷರವಿರುವ ಪಟ್ಟಿಗೆ ಕ್ಲ್ಯಾಸ್ಪ್ ಎನ್ನುತ್ತಾರೆ. ಒಂದೇ ಪದಕ ಹಲವು ಪ್ರದೇಶಗಳ ಸೇವೆಗೆ ಸಿಗುವಾಗ ಯಾವ ಪ್ರದೇಶ ಎಂದು ಅದು ತಿಳಿಸುತ್ತದೆ. ಸೈನ್ಯ ಸೇವಾ ಪದಕದ ಮೇಲೆ ‘ಹಿಮಾಲಯ’, ‘ಜಮ್ಮು ಕಾಶ್ಮೀರ’ ಎಂದಿರುವುದು ಹೀಗೆ. ಅದೇ ಶೌರ್ಯ ಪುರಸ್ಕಾರ ಎರಡನೇ ಸಲ ಬಂದರೆ ಮತ್ತೊಂದು ಪದಕ ಕೊಡುವುದಿಲ್ಲ. ರಿಬ್ಬನ್‌ಗೆ ಬಾರ್ ಸೇರಿಸುತ್ತಾರೆ.

‘ಸ್ಟಾರ್’ ಎಂದು ಒಂದು, ‘ಮೆಡಲ್’ ಎಂದು ಇನ್ನೊಂದು. ಒಂದೇ ಯುದ್ಧಕ್ಕೆ ಎರಡು ಯಾಕೆ?

ಸ್ಟಾರ್ ಇದ್ದವರು ಕಾದಾಟದ ಪ್ರದೇಶದಲ್ಲಿ ಇದ್ದವರು. ಮೆಡಲ್ ಆ ಅವಧಿಯಲ್ಲಿ ಸೇವೆಯಲ್ಲಿದ್ದ ಅಥವಾ ಸನ್ನದ್ಧರಾಗಿದ್ದ ಹೆಚ್ಚು ವಿಶಾಲ ಬಳಗಕ್ಕೆ. 1965ಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್. 1971ಕ್ಕೆ ಪೂರ್ವದ ರಣಾಂಗಣಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಕ್ಕೆ ಪಶ್ಚಿಮಿ ಸ್ಟಾರ್, ಜೊತೆಗೆ ಸಂಗ್ರಾಮ ಮೆಡಲ್. ಕಾರ್ಗಿಲ್‌ಗೆ ಆಪರೇಷನ್ ವಿಜಯ್ ಸ್ಟಾರ್ ಮತ್ತು ಆಪರೇಷನ್ ವಿಜಯ್ ಮೆಡಲ್. ಮನೆಯ ಹಿರಿಯರು ಬಾಂಗ್ಲಾ ಯುದ್ಧದಲ್ಲಿ ಎಲ್ಲಿದ್ದರು ಎಂಬ ಪ್ರಶ್ನೆಗೆ ಪೂರ್ವಿ ಸ್ಟಾರ್ ಒಂದೇ ಸಾಕಷ್ಟು ಉತ್ತರ ಕೊಡುತ್ತದೆ.

ಗಾಯಗೊಂಡವರಿಗೆ ಪದಕ ಇದೆಯೇ?

ಇದೆ: ಪರಾಕ್ರಮ ಪದಕ. ಬಿಳಿ ರಿಬ್ಬನ್, ನಡುವೆ ಕೆಂಪು ಪಟ್ಟಿ.

ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗೆ ಎಷ್ಟು ಮೆಟ್ಟಿಲು?

ಏಳು. ಸಿಪಾಯಿಗೆ ಪಟ್ಟಿ ಇಲ್ಲ. ಲ್ಯಾನ್ಸ್ ನಾಯಕ್‌ಗೆ ತೋಳಿನ ಮೇಲೆ ತುದಿ ಕೆಳಮುಖವಾದ ‘ವಿ’ ಆಕಾರದ ಒಂದು ಪಟ್ಟಿ, ನಾಯಕ್‌ಗೆ ಎರಡು, ಹವಾಲ್ದಾರ್‌ಗೆ ಮೂರು. ಇಲ್ಲಿಗೆ ತೋಳಿನ ಪಟ್ಟಿ ಮುಗಿದು ಗುರುತು ಭುಜಕ್ಕೆ ಏರುತ್ತದೆ. ನಾಯಬ್ ಸುಬೇದಾರ್‌ಗೆ ಒಂದು ಬಂಗಾರದ ನಕ್ಷತ್ರ ಮತ್ತು ಅಡ್ಡಪಟ್ಟಿ, ಸುಬೇದಾರ್‌ಗೆ ಎರಡು ನಕ್ಷತ್ರ ಮತ್ತು ಅಡ್ಡಪಟ್ಟಿ, ಸುಬೇದಾರ್ ಮೇಜರ್‌ಗೆ ರಾಷ್ಟ್ರಲಾಂಛನ ಮತ್ತು ಅಡ್ಡಪಟ್ಟಿ.

ಕೊನೆಯ ಮೂವರನ್ನು ಒಟ್ಟಾಗಿ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಎನ್ನುತ್ತಾರೆ. ಜವಾನರೂ ಅಧಿಕಾರಿಗಳೂ ಅವರನ್ನು ‘ಸಾಹೇಬ್’ ಎಂದೇ ಮಾತನಾಡಿಸುತ್ತಾರೆ. ಇಪ್ಪತ್ತೈದರ ಹರೆಯದ ಲೆಫ್ಟಿನೆಂಟ್ ತನ್ನ ತಂದೆಯ ವಯಸ್ಸಿನ ಸುಬೇದಾರರನ್ನು ‘ಸಾಹೇಬ್’ ಎನ್ನುವುದು ದಿನದ ರೂಢಿ. ಸುಬೇದಾರ್ ಮೇಜರ್ ಒಂದು ಬೆಟಾಲಿಯನ್‌ಗೆ ಒಬ್ಬರು. ಜವಾನರ ಕಷ್ಟಸುಖದ ವಿಷಯದಲ್ಲಿ ಕಮಾಂಡಿಂಗ್ ಆಫೀಸರ್ ಮೊದಲು ಕೇಳುವುದು ಅವರ ಮಾತನ್ನು.

ಮಗ ‘ಸ್ಯಾಪರ್’ ಅನ್ನುತ್ತಾನೆ, ಪಕ್ಕದ ಮನೆಯ ಹುಡುಗ ‘ಗನ್ನರ್’ ಅನ್ನುತ್ತಾನೆ. ಇವು ಬೇರೆ ದರ್ಜೆಗಳೇ?

ಎಲ್ಲ ಸಿಪಾಯಿಗೆ ಸಮ. ಎಂಜಿನಿಯರ್ಸ್‌ನಲ್ಲಿ ಸ್ಯಾಪರ್, ಫಿರಂಗಿ ದಳದಲ್ಲಿ ಗನ್ನರ್, ಸಿಗ್ನಲ್ಸ್‌ನಲ್ಲಿ ಸಿಗ್ನಲ್‌ಮನ್, ಯಂತ್ರೋಪಕರಣ ದುರಸ್ತಿ ನೋಡಿಕೊಳ್ಳುವ ಇಎಂಇ ದಳದಲ್ಲಿ ಕ್ರಾಫ್ಟ್ಸ್‌ಮನ್, ರೈಫಲ್ ರೆಜಿಮೆಂಟುಗಳಲ್ಲಿ ರೈಫಲ್‌ಮನ್, ಪ್ಯಾರಾದಲ್ಲಿ ಪ್ಯಾರಾಟ್ರೂಪರ್. ಟ್ಯಾಂಕ್ ರೆಜಿಮೆಂಟುಗಳು ಅಶ್ವದಳದ ಹಳೆಯ ಹೆಸರುಗಳನ್ನು ಉಳಿಸಿಕೊಂಡಿವೆ: ಸಿಪಾಯಿಗೆ ಸವಾರ್, ನಾಯಕ್‌ಗೆ ಲ್ಯಾನ್ಸ್ ದಫೇದಾರ್, ಹವಾಲ್ದಾರ್‌ಗೆ ದಫೇದಾರ್, ಸುಬೇದಾರ್‌ಗೆ ರಿಸಾಲ್ದಾರ್. ಹಳೆಯ ಕಾಗದದಲ್ಲಿ ‘ಜಮಾದಾರ್’ ಎಂದಿದ್ದರೆ ಅದು ಇಂದಿನ ನಾಯಬ್ ಸುಬೇದಾರ್. 1965ರಲ್ಲಿ ಹೆಸರು ಬದಲಾಯಿತು.

ಕಂಪನಿ ಹವಾಲ್ದಾರ್ ಮೇಜರ್ ಎಂಬುದು ಹವಾಲ್ದಾರ್‌ಗಿಂತ ಮೇಲಿನ ದರ್ಜೆಯೇ?

ದರ್ಜೆ ಹವಾಲ್ದಾರ್‌ನದೇ, ಹೊಣೆ ಹೆಚ್ಚು. ಕಂಪನಿ ಹವಾಲ್ದಾರ್ ಮೇಜರ್ ಶಿಸ್ತು ಮತ್ತು ಡ್ಯೂಟಿ ಹಂಚಿಕೆ ನೋಡಿಕೊಂಡರೆ, ಕಂಪನಿ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್ ಸಾಮಾನು ಸರಂಜಾಮು ನೋಡಿಕೊಳ್ಳುತ್ತಾರೆ.

ಎರಡು ನಕ್ಷತ್ರ ಇದ್ದರೆ ಲೆಫ್ಟಿನೆಂಟೋ, ಸುಬೇದಾರೋ, ಪೊಲೀಸ್ ಸಬ್ ಇನ್‌ಸ್ಪೆಕ್ಟರೋ?

ನಕ್ಷತ್ರ ಎಣಿಸುವ ಮೊದಲು ಭುಜಪಟ್ಟಿಯ ಬುಡ ನೋಡಿ. ಅಡ್ಡಪಟ್ಟಿ ಇಲ್ಲದೆ ಎರಡು ನಕ್ಷತ್ರ ಇದ್ದರೆ ಸೇನೆಯ ಲೆಫ್ಟಿನೆಂಟ್. ಸೇನೆಯ ಸಮವಸ್ತ್ರದಲ್ಲಿ ಅಡ್ಡಪಟ್ಟಿಯೊಂದಿಗೆ ಎರಡು ನಕ್ಷತ್ರ ಇದ್ದರೆ ಸುಬೇದಾರ್. ಖಾಕಿಯ ಮೇಲೆ ಕೆಂಪು–ನೀಲಿ ಪಟ್ಟಿಯೊಂದಿಗೆ ಎರಡು ನಕ್ಷತ್ರ ಇದ್ದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್. ತೋಳಿನ ಮೂರು ಪಟ್ಟಿಯಲ್ಲೂ ಇದೇ ಗೊಂದಲ: ಸೇನೆಯಲ್ಲಿ ಹವಾಲ್ದಾರ್, ಪೊಲೀಸಿನಲ್ಲಿ ಹೆಡ್ ಕಾನ್‌ಸ್ಟೇಬಲ್.

‘ನಾಯಕ್ ಸಂಬಳ ಬರುತ್ತಿದೆ, ಪಟ್ಟಿ ಬಂದಿಲ್ಲ’ ಎನ್ನುತ್ತಾರೆ. ಹೇಗೆ ಸಾಧ್ಯ?

ಬಡ್ತಿಗೆ ಖಾಲಿ ಜಾಗ ಇರಬೇಕು, ಬಡ್ತಿಗೆ ಬೇಕಾದ ತರಬೇತಿಯಾದ ಕೇಡರ್ ಕೋರ್ಸ್ ಪಾಸಾಗಿರಬೇಕು, ವೈದ್ಯಕೀಯ ವರ್ಗ ಮತ್ತು ಶಿಸ್ತಿನ ದಾಖಲೆ ಸರಿಯಿರಬೇಕು. ಜಾಗ ಇಲ್ಲದೆ ಕಾಯುವವರಿಗೆ ಎಂಎಸಿಪಿ (ಬಡ್ತಿ ಸಿಗದಿದ್ದರೂ ವೇತನ ಏರಿಸುವ) ಯೋಜನೆಯಡಿ 8, 16, 24 ವರ್ಷಗಳಲ್ಲಿ ಮುಂದಿನ ವೇತನ ಹಂತ ಸಿಗುತ್ತದೆ, ದರ್ಜೆ ಬದಲಾಗುವುದಿಲ್ಲ. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಸಿಪಾಯಿ ಮತ್ತು ಲ್ಯಾನ್ಸ್ ನಾಯಕ್ ಇಬ್ಬರೂ ಲೆವೆಲ್ 3, ನಾಯಕ್ 4, ಹವಾಲ್ದಾರ್ 5, ನಾಯಬ್ ಸುಬೇದಾರ್ 6, ಸುಬೇದಾರ್ 7, ಸುಬೇದಾರ್ ಮೇಜರ್ 8. ಲ್ಯಾನ್ಸ್ ನಾಯಕ್ ಪಟ್ಟಿ ಬಂದಾಗ ಸಂಬಳದ ಲೆವೆಲ್ ಮೇಲೇರದಿರುವುದಕ್ಕೆ ಕಾರಣ ಇದೇ. ಪಿಂಚಣಿ ಕಾಗದದಲ್ಲಿ ವೇತನ ಹಂತ ಒಂದು, ದರ್ಜೆ ಇನ್ನೊಂದು ಕಂಡರೆ ಮೊದಲು ಎಂಎಸಿಪಿ ನಮೂದು ಹುಡುಕಿ.

ಸುಬೇದಾರ್ ಆಗಿದ್ದವರು ನಿವೃತ್ತಿಯ ಹೊತ್ತಿಗೆ ಕ್ಯಾಪ್ಟನ್ ಆದದ್ದು ಹೇಗೆ?

ಅದು ಆನರರಿ ಕ್ಯಾಪ್ಟನ್, ಗೌರವ ದರ್ಜೆ. ಉತ್ತಮ ದಾಖಲೆಯ ಆಯ್ದ ಜೆಸಿಒಗಳಿಗೆ ಆನರರಿ ಲೆಫ್ಟಿನೆಂಟ್, ಆನರರಿ ಕ್ಯಾಪ್ಟನ್ ದರ್ಜೆಯನ್ನು ಜನವರಿ 26 ಮತ್ತು ಆಗಸ್ಟ್ 15ರಂದು ಪ್ರಕಟಿಸುತ್ತಾರೆ. ಹವಾಲ್ದಾರರಿಗೆ ನಿವೃತ್ತಿಯಲ್ಲಿ ಆನರರಿ ನಾಯಬ್ ಸುಬೇದಾರ್ ದರ್ಜೆ ಸಿಗುವುದುಂಟು. ಆಹ್ವಾನ ಪತ್ರಿಕೆಯಲ್ಲಿ ‘ಆನರರಿ’ ಬಿಡಬೇಡಿ. ಸಿಪಾಯಿಯಾಗಿ ಸೇರಿ ಅಲ್ಲಿಯವರೆಗೆ ಏರಿದವರು ಎಂಬುದನ್ನು ಆ ಒಂದು ಪದ ಹೇಳುತ್ತದೆ. ಅದನ್ನು ಮುಚ್ಚಿಡುವ ಅಗತ್ಯ ಯಾರಿಗೂ ಇಲ್ಲ.

ನೌಕಾಪಡೆ, ವಾಯುಪಡೆಯಲ್ಲಿ ಹವಾಲ್ದಾರ್‌ಗೆ ಸಮ ಯಾರು?

ನೌಕಾಪಡೆಯಲ್ಲಿ ಪೆಟ್ಟಿ ಆಫೀಸರ್ (ಗುರುತು: ಒಂದರ ಮೇಲೊಂದು ಓರೆಯಾಗಿಟ್ಟ ಎರಡು ಲಂಗರು), ವಾಯುಪಡೆಯಲ್ಲಿ ಸಾರ್ಜೆಂಟ್ (ಮೂರು ಪಟ್ಟಿ). ನಾಯಕ್‌ಗೆ ಸಮ ಲೀಡಿಂಗ್ ಸೀಮನ್ ಮತ್ತು ಕಾರ್ಪೊರಲ್. ಜೆಸಿಒ ಮಟ್ಟದಲ್ಲಿ ನೌಕಾಪಡೆಗೆ ಚೀಫ್ ಪೆಟ್ಟಿ ಆಫೀಸರ್ ಮತ್ತು ಮಾಸ್ಟರ್ ಚೀಫ್ ಪೆಟ್ಟಿ ಆಫೀಸರ್‌ನ ಎರಡು ದರ್ಜೆಗಳು; ವಾಯುಪಡೆಗೆ ಜೂನಿಯರ್ ವಾರಂಟ್ ಆಫೀಸರ್, ವಾರಂಟ್ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್.

ಅಗ್ನಿವೀರ ಸಿಪಾಯಿಯೇ?

2022ರ ಯೋಜನೆಯಂತೆ ಅಗ್ನಿವೀರ ಎಂಬುದು ಉಳಿದೆಲ್ಲ ದರ್ಜೆಗಳಿಂದ ಪ್ರತ್ಯೇಕವಾದ ದರ್ಜೆ, ಅವಧಿ ನಾಲ್ಕು ವರ್ಷ. ಶೌರ್ಯ ಪುರಸ್ಕಾರಗಳಿಗೆ ಅವರೂ ಅರ್ಹರು.

ಶೌರ್ಯ ಪದಕಕ್ಕೆ ತಿಂಗಳಿಗೆ ಎಷ್ಟು ಹಣ ಬರುತ್ತದೆ? ತೆರಿಗೆ ಇದೆಯೇ?

2017ರ ಆಗಸ್ಟ್ 1ರಿಂದ ಕೇಂದ್ರ ಸರ್ಕಾರ ನಿಗದಿ ಮಾಡಿದ ಮಾಸಿಕ ಭತ್ಯೆ ಹೀಗಿದೆ: ಪರಮವೀರ ಚಕ್ರ 20,000 ರೂಪಾಯಿ, ಅಶೋಕ ಚಕ್ರ 12,000, ಮಹಾವೀರ ಚಕ್ರ 10,000, ಕೀರ್ತಿ ಚಕ್ರ 9,000, ವೀರ ಚಕ್ರ 7,000, ಶೌರ್ಯ ಚಕ್ರ 6,000, ಶೌರ್ಯಕ್ಕೆ ಬಂದ ಸೇನಾ, ನೌಸೇನಾ, ವಾಯುಸೇನಾ ಪದಕಗಳಿಗೆ 2,000. ಪುರಸ್ಕೃತರ ನಂತರ ಪತ್ನಿಗೆ ಮುಂದುವರಿಯುತ್ತದೆ. ಮರುಮದುವೆಯಾದರೆ ನಿಲ್ಲಿಸುವ ಹಳೆಯ ಷರತ್ತನ್ನು 2017ರಲ್ಲಿ ತೆಗೆಯಲಾಗಿದೆ; ಹಳೆಯ ನಿಯಮ ಹೇಳಿ ಯಾರಾದರೂ ತಡೆದರೆ ಒಪ್ಪಿಕೊಳ್ಳಬೇಡಿ.

ಚಕ್ರ ಸರಣಿಯ ಶೌರ್ಯ ಪುರಸ್ಕೃತರ ಪಿಂಚಣಿಗೆ ಆದಾಯ ತೆರಿಗೆ ವಿನಾಯಿತಿ ಇದೆ. ರಿಟರ್ನ್ ಸಲ್ಲಿಸುವಾಗ ಅದನ್ನು ಕೇಳಿಕೊಳ್ಳದೆ ತೆರಿಗೆ ಕಟ್ಟುತ್ತಿರುವ ಮನೆಗಳಿವೆ. ರಾಜ್ಯ ಸರ್ಕಾರದ ನಗದು ಪುರಸ್ಕಾರ ಇದರಿಂದ ಬೇರೆ. ಅದಕ್ಕೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಬೇಕು.

ತೀರಿಕೊಂಡ ತಂದೆಯ ಪದಕಗಳನ್ನು ಮಕ್ಕಳು ಧರಿಸಬಹುದೇ?

ಯುದ್ಧ ಸ್ಮಾರಕದ ಶ್ರದ್ಧಾಂಜಲಿ, ಅಂತ್ಯಕ್ರಿಯೆಯಂಥ ಸಂದರ್ಭಗಳಲ್ಲಿ ಹತ್ತಿರದ ಬಂಧುಗಳು ಬಲ ಎದೆಯ ಮೇಲೆ ಧರಿಸಬಹುದು. ಎಡ ಎದೆ ಗಳಿಸಿದವರಿಗೆ ಮಾತ್ರ. ಯೋಧನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕರ ಉಡುಪು ಅಥವಾ ಗುರುತು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಅಪರಾಧ. ಮೂರು ತಿಂಗಳವರೆಗೆ ಜೈಲು, ದಂಡ, ಅಥವಾ ಎರಡೂ. ಶಾಲೆಯ ನಾಟಕದಲ್ಲಿ ಮಕ್ಕಳು ವೇಷ ಹಾಕುವುದಕ್ಕೆ ಅಂಥ ಉದ್ದೇಶ ಇರುವುದಿಲ್ಲ. ಆದರೂ ನಿಜವಾದ ಪದಕವನ್ನು ವೇಷಕ್ಕೆ ಕೊಡಬೇಡಿ.

ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಪದಕ ಸಿಕ್ಕಿದೆ. ಯಾವುದೆಂದು ತಿಳಿಯುವುದು ಹೇಗೆ?

ಮುಖ ನೋಡುವ ಮೊದಲು ಅಂಚು ನೋಡಿ. ನಾಣ್ಯದ ಅಂಚಿನಂತಿರುವ ಆ ಸಣ್ಣ ಜಾಗದಲ್ಲಿ ಸೇವಾ ಸಂಖ್ಯೆ, ದರ್ಜೆ, ಹೆಸರು, ರೆಜಿಮೆಂಟ್ ಕೆತ್ತಿರುವುದುಂಟು. ಟಾರ್ಚನ್ನು ಓರೆಯಾಗಿ ಹಿಡಿದು, ಪದಕವನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಫೋಟೊ ತೆಗೆಯಿರಿ. ನೇರ ಬೆಳಕಿನಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ದರ್ಜೆ ಚುಟುಕಾಗಿ ಬರೆದಿರುತ್ತದೆ: ‘ಸೆಪ್’ ಎಂದರೆ ಸಿಪಾಯಿ, ‘ಎಸ್‌ಪಿಆರ್’ ಸ್ಯಾಪರ್, ‘ಎನ್‌ಕೆ’ ನಾಯಕ್, ‘ಹವ್’ ಹವಾಲ್ದಾರ್.

ಅಂಚಿನ ಸಂಖ್ಯೆ ಪಿಂಚಣಿ ಪುಸ್ತಕದ ಸಂಖ್ಯೆಗೆ ಹೊಂದದಿದ್ದರೆ ಗಾಬರಿಯಾಗಬೇಡಿ. ಜೆಸಿಒ ಆದಾಗ ‘ಜೆಸಿ’ಯಿಂದ ಶುರುವಾಗುವ ಹೊಸ ಸಂಖ್ಯೆ ಸಿಗುತ್ತದೆ. ಜವಾನರಾಗಿದ್ದಾಗ ಬಂದ ಪದಕದ ಮೇಲೆ ಹಳೆಯ ಸಂಖ್ಯೆಯೇ ಉಳಿದಿರುತ್ತದೆ. ಒಬ್ಬರದೇ ಎರಡು ಸಂಖ್ಯೆ ಎಂದು ತಿಳಿಯದೆ, ಬೇರೆ ಯಾರದೋ ಪದಕ ಸೇರಿಕೊಂಡಿದೆ ಎಂದು ತೆಗೆದಿಟ್ಟವರಿದ್ದಾರೆ.

ಜೋಡಿ ಕಾಮನಬಿಲ್ಲಿನ ಬಣ್ಣಗಳು ನಡುವಿನ ಕೆಂಪಿನಲ್ಲಿ ಸೇರುವ ರಿಬ್ಬನ್ ಇದ್ದರೆ ಅದು ಮೊದಲ ಮಹಾಯುದ್ಧದ ವಿಕ್ಟರಿ ಮೆಡಲ್. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಆ ಯುದ್ಧದವರೇ. ಕಡುನೀಲಿ ನೆಲ, ನಡುವೆ ಅಗಲ ಕೆಂಪು, ಎರಡು ಬದಿಯ ನೀಲಿ ಪಟ್ಟಿಗಳಲ್ಲಿ ಪ್ರತಿಯೊಂದರ ನಡುವೆಯೂ ಸಣ್ಣ ಕಿತ್ತಳೆ ಗೆರೆ ಇರುವ ರಿಬ್ಬನ್‌ನ ನಕ್ಷತ್ರ ಎರಡನೇ ಮಹಾಯುದ್ಧದ ಬರ್ಮಾ ಸ್ಟಾರ್.

ಕಪ್ಪಾದ ಪದಕವನ್ನು ಹೊಳೆಯುವಂತೆ ಉಜ್ಜಬಹುದೇ?

ದಯವಿಟ್ಟು ಬೇಡ. ಹುಣಸೆಹಣ್ಣು, ಬೂದಿ, ಹಿತ್ತಾಳೆ ಪಾಲಿಶ್ ಎಲ್ಲವೂ ಲೋಹವನ್ನು ಸವೆಸುತ್ತವೆ. ಮೊದಲು ಹೋಗುವುದು ಅಂಚಿನ ಹೆಸರು. ಅದು ಹೋದ ಮೇಲೆ ಆ ಪದಕ ಯಾರದೆಂದು ಹೇಳಲು ಏನೂ ಉಳಿಯದು. ಚಿನ್ನದ ಲೇಪವಿರುವ ಪದಕದಲ್ಲಿ ಲೇಪವೇ ಕಿತ್ತುಹೋಗುತ್ತದೆ.

ಕೊಳೆ ಇದ್ದರೆ ರಿಬ್ಬನ್ ಬಿಡಿಸಿಟ್ಟು, ಬಟ್ಟಲು ನೀರಿಗೆ ಒಂದು ಹನಿ ಸೌಮ್ಯ ಸೋಪು ಹಾಕಿ, ಮೆತ್ತನೆಯ ಬ್ರಷ್‌ನಿಂದ ಒರೆಸಿ. ಶುದ್ಧ ನೀರಿನಲ್ಲಿ, ಕೊನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ. ರಿಬ್ಬನ್ ಒಗೆಯಬೇಡಿ, ಹಳೆಯ ಬಣ್ಣ ಒಂದಕ್ಕೊಂದು ಹರಿದು ಸೇರುತ್ತದೆ. ಹರಿದಿದ್ದರೂ ಎಸೆಯದೆ ಜೊತೆಗೇ ಇಡಿ.

ರಬ್ಬರ್ ಬ್ಯಾಂಡ್ ಮತ್ತು ಉಣ್ಣೆಯಲ್ಲಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಮೆತ್ತಗೆ ಅಂಟುವಂಥ ಪ್ಲಾಸ್ಟಿಕ್ ಕವರ್ ಕಾಲಕ್ರಮೇಣ ಆಮ್ಲ ಬಿಡುತ್ತದೆ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಪೊಟ್ಟಣ ಬದಲಿಸಿ. ಕಂಚಿನ ಮೇಲೆ ತಿಳಿಹಸಿರು ಪುಡಿ ಏಳುತ್ತಿದ್ದರೆ ಅದು ಹರಡುವ ತುಕ್ಕು. ಕೂಡಲೇ ಬೇರೆ ಪದಕಗಳಿಂದ ದೂರವಿಟ್ಟು ಸಂರಕ್ಷಣಾ ತಜ್ಞರಿಗೆ ತೋರಿಸಿ. ಗೋಡೆಗೆ ಹಾಕುವ ಚೌಕಟ್ಟಾದರೆ ಬಿಸಿಲು ಬೀಳದ ಗೋಡೆ ಆರಿಸಿ.

ಪದಕ ಕಳೆದುಹೋಗಿದೆ, ಅಥವಾ ಬರಬೇಕಾದದ್ದು ಬಂದೇ ಇಲ್ಲ. ಏನು ಮಾಡಬೇಕು?

ಮೊದಲು ಡಿಸ್ಚಾರ್ಜ್ ಬುಕ್ ತೆರೆದು ಪದಕಗಳ ನಮೂದು ನೋಡಿ. ಅರ್ಜಿಯಲ್ಲಿ ಸೇವಾ ಸಂಖ್ಯೆ (ಇದ್ದರೆ ಎರಡೂ), ದರ್ಜೆ, ಹೆಸರು, ಸೇರಿದ ಮತ್ತು ನಿವೃತ್ತಿಯಾದ ದಿನ, ಪದಕದ ಹೆಸರು ಬರೆಯಿರಿ. ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ (ಪಿಂಚಣಿ ಪಾವತಿ ಆದೇಶ) ಪ್ರತಿ ಲಗತ್ತಿಸಿ. ಕಳೆದುಹೋಗಿದ್ದರೆ ಪೊಲೀಸ್ ದೂರಿನ ಸ್ವೀಕೃತಿ ಮತ್ತು ಅಫಿಡವಿಟ್ ಸೇರಿಸಿ. ಯೋಧರು ತೀರಿಕೊಂಡಿದ್ದರೆ ಮರಣಪತ್ರ ಮತ್ತು ಬಂಧುತ್ವದ ದಾಖಲೆ ಬೇಕು.

ಅರ್ಜಿ ಹೋಗಬೇಕಾದದ್ದು ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ. ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್‌ಗೆ ನೀಲಗಿರಿಯ ವೆಲ್ಲಿಂಗ್ಟನ್, ಆರ್ಟಿಲರಿಗೆ ನಾಸಿಕ್ ರೋಡ್, ಇಎಂಇಗೆ ಸಿಕಂದರಾಬಾದ್. ಅರ್ಜಿಗಳು ವಾಪಸಾಗಲು ಮುಖ್ಯ ಕಾರಣಗಳು ಎರಡು: ಕೊನೆಯದಾಗಿ ಕೆಲಸ ಮಾಡಿದ ಯೂನಿಟ್‌ಗೆ ಕಳಿಸುವುದು, ಮತ್ತು ಹೆಸರಿನ ಅಕ್ಷರ ಆಧಾರ್‌ನಲ್ಲಿ ಒಂದು, ಸೇನೆಯ ದಾಖಲೆಯಲ್ಲಿ ಇನ್ನೊಂದು ಇರುವುದು. ಸೇನೆಯ ದಾಖಲೆಯಲ್ಲಿ ಇರುವಂತೆಯೇ ಬರೆಯಿರಿ. ಬರೆಯಲು ತೊಡಕಾದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ಅರ್ಜಿ ತಯಾರಿಸಿ ಮುಂದೆ ಕಳಿಸಿಕೊಡುತ್ತಾರೆ.

ಅಂಗಡಿಯಲ್ಲಿ ಸಿಗುವ ನಕಲು ಚೌಕಟ್ಟಿಗೆ ಸಾಕಾಗಬಹುದು. ಅದರ ಅಂಚು ಖಾಲಿ ಇರುತ್ತದೆ.

ಆಹ್ವಾನ ಪತ್ರಿಕೆಯಲ್ಲಿ ಹೆಸರು ಬರೆಯುವ ಸರಿಯಾದ ಕ್ರಮ ಯಾವುದು?

ದರ್ಜೆ, ಹೆಸರು, ಪುರಸ್ಕಾರಗಳು, ಕೊನೆಗೆ ನಿವೃತ್ತ ಎಂದು. ಪುರಸ್ಕಾರ ಎರಡಿದ್ದರೆ ಹಿರಿಯದು ಮೊದಲು: ‘ಸುಬೇದಾರ್ ಮೇಜರ್ ಇಂಥವರು, ಶೌರ್ಯ ಚಕ್ರ, ಸೇನಾ ಪದಕ (ನಿವೃತ್ತ)’. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ರದ್ದು ಮಾಡಿದರೂ ಸೈನಿಕ ಗೌರವಗಳನ್ನು ಹೊರಗಿಟ್ಟಿದೆ. ಹಾಗಾಗಿ ಇವನ್ನು ಹೆಸರಿನ ಜೊತೆ ಬಳಸಲು ಅಡ್ಡಿಯಿಲ್ಲ. ಸಿಯಾಚಿನ್ ಮೆಡಲ್, ದೀರ್ಘ ಸೇವೆಯ ಮೆಡಲ್‌ಗಳನ್ನು ಹೆಸರಿನ ಮುಂದೆ ಬರೆಯುವ ರೂಢಿಯಿಲ್ಲ. ಅವನ್ನು ಪರಿಚಯದ ಮಾತಿನಲ್ಲಿ ಹೇಳಿ. ಅಚ್ಚಿಗೆ ಕೊಡುವ ಮುನ್ನ ಗೆಜೆಟ್ ಪ್ರತಿ ಅಥವಾ ರಕ್ಷಣಾ ಸಚಿವಾಲಯದ ಶೌರ್ಯ ಪುರಸ್ಕಾರ ಜಾಲತಾಣದ ಪಟ್ಟಿಯೊಂದಿಗೆ ತಾಳೆ ನೋಡಿ, ಕರಡನ್ನು ಅವರಿಗೇ ಒಮ್ಮೆ ತೋರಿಸಿ ಒಪ್ಪಿಗೆ ಪಡೆಯಿರಿ.